ರೋಪ್‌ವೇಯಲ್ಲಿ ಸೀಟು ಹಿಡಿದದ್ದು

ಸುರಪುರ ಬಿಟ್ಟು ಮೂರನೆಯ ದಿನ ಆ ಬೆಟ್ಟದ ಬುಡ ಮುಟ್ಟಿದ್ದೆವು. ತುದಿಯಲ್ಲಿದ್ದ ಬೌದ್ಧ ವಿಹಾರಕ್ಕೆ ಮೆಟ್ಟಿಲು ಹತ್ತುವುದು ಅವ್ವನ ಮೊಣಕಾಲಿಗೆ ಆಗದ ಮಾತು. ರೋಪ್‌ವೇಯೇ ಗತಿ. ತೀರಿಹೋದ ಅಪ್ಪನ ಫೋಟೋವನ್ನು ಬುದ್ಧನ ಮುಂದೆ ಇಡಬೇಕೆಂದು ಅವ್ವ ಕೈಚೀಲದಲ್ಲಿ ತಂದಿದ್ದಳು.

ತಂತಿಗೆ ತೂಗುಬಿದ್ದ ಕುರ್ಚಿಗಳು ನಿಲ್ಲದೆ ಸಾಗಿ ಬರುತ್ತಿದ್ದವು. ನಮ್ಮ ಸರದಿ ಬಂದದ್ದೇ ತಡ, ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಹಾಗೆ, ಅವ್ವ ಆ ಚೀಲವನ್ನು ಕುರ್ಚಿಯ ಮೇಲೆ ಒಗೆದೇಬಿಟ್ಟಳು. ಕುರ್ಚಿ ಚೀಲ ಹೊತ್ತುಕೊಂಡು ಮೇಲೆ ಹೋಯಿತು.

“ಇದೇನ ಶಹಾಪುರ ಬಸ್ಸೇನಬೇ?” ಎಂದು ಎಲ್ಲರೆದುರು ರೇಗಿದೆ. ಅಷ್ಟರಲ್ಲಿ ಗಾಳಿ ಜೋರಾಗಿ ರೋಪ್‌ವೇ ನಿಲ್ಲಿಸಿದರು. ಎಷ್ಟು ಅಂಗಲಾಚಿದರೂ, ಗಾಳಿ ಇಳಿಯುವವರೆಗೆ ಏನೂ ಮಾಡಲಾಗದು ಎಂದರು. ಕಣಿವೆಯ ಮೇಲೆ ಅಪ್ಪನ ಫೋಟೋ ಇದ್ದ ಚೀಲ ತೂಗಾಡುವುದನ್ನು ನೋಡುತ್ತ ನಿಂತೆವು.

ಅವ್ವ ಮೆಲ್ಲಗೆ ಅಂದಳು: “ಬೈಬ್ಯಾಡ. ಯಾವ ಊರಿಗಿ ಹೋದ್ರೂ ನಿಮ್ಮಪ್ಪನೇ ಮೊದಲ ಓಡಿ ಸೀಟ ಹಿಡೀತಿದ್ದ. ನಾ ಹೋಗಿ ಕುಂಡ್ರೋತನ ತಾ ಕುಂಡ್ರತಿದ್ದಿಲ್ಲ.”