ಬರ್ತೇನೆ ಎನ್ನದೆ ಇಳಿದವರು

ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ ಇಳಿಯುವುದು ಧರ್ಣಪ್ಪನ ಮೂವತ್ತೊಂದು ವರ್ಷಗಳ ಅಭ್ಯಾಸ. ಬಂಟ್ವಾಳ–ಮೂಡುಬಿದಿರೆ ದಾರಿಯ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್ ಆಗಿದ್ದ. ಕೊನೆಯ ಟ್ರಿಪ್ ಮುಗಿದಾಗ ಸೀಟಿನಡಿ ಬಗ್ಗಿ ನೋಡುತ್ತಿದ್ದ. ಮರೆತ ಕೊಡೆ, ಬುತ್ತಿ, ಒಮ್ಮೆ ಕಾಲು ಕಟ್ಟಿದ ಒಂದು ಹುಂಜ. ಆಮೇಲೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು ವಾಮದಪದವಿನ ಮನೆಗೆ ಹೊರಡುತ್ತಿದ್ದ. "ರೈಟ್, ಪೋಯಿ" ಎಂಬ ಅವನ ಕೂಗು ಆ ದಾರಿಯವರಿಗೆಲ್ಲ ಗೊತ್ತು. ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ ಎಂದು.

ಆ ಕೂಗೇ ಅವನನ್ನು ಸಿನಿಮಾಕ್ಕೆ ಕರೆದೊಯ್ದಿತು. ಕಾಲೇಜಿಗೆ ಅದೇ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ಶೋಧನ್ ಮುಂದೆ ನಿರ್ದೇಶಕನಾದ. 'ಅಕೇರಿದ ಬಸ್', ಅಂದರೆ ಕೊನೆಯ ಬಸ್ಸು, ಎಂಬ ತುಳು ಸಿನಿಮಾ ಮಾಡಿದ. ಅರ್ಧ ನಗು, ಅರ್ಧ ದೆವ್ವ. ಕೊನೆಯಲ್ಲಿ ಒಬ್ಬ ಪ್ರಯಾಣಿಕ ಊರೇ ಇಲ್ಲದ ಸ್ಟಾಪಿನಲ್ಲಿ ಇಳಿಯುತ್ತಾನೆ, ಮತ್ತೆ ಬರುವುದಿಲ್ಲ. ಡ್ರೈವರನ ಮುಖ ತೋರಿಸುವುದೇ ಇಲ್ಲ. ಕಂಡಕ್ಟರ್ ಮಾತ್ರ ಧರ್ಣಪ್ಪ. ಜನ ಮುಗಿಬಿದ್ದು ನೋಡಿದರು. ಎರಡನೇ ಭಾಗ ಬಂತು, ಮೂರನೆಯದೂ ಬಂತು. ಹೋಟೆಲಿಗೆ ಹೋದರೆ ಸಪ್ಲೈಯರ್ ಚಾ ಇಟ್ಟು "ರೈಟ್, ಪೋಯಿ" ಎನ್ನುತ್ತಿದ್ದ. ಧರ್ಣಪ್ಪನಿಗೆ ಅದು ಒಳಗೊಳಗೇ ಖುಷಿ.

ಮೊದಲ ಭಾಗದಲ್ಲಿ ಹಾಗೆ ಇಳಿಯುವ ಪಾತ್ರ ಮಾಡಿದವರು ತೋಡಾರಿನ ಜಯಪ್ರಕಾಶ್ ಮಾಸ್ಟ್ರು. ಸಿನಿಮಾ ಬಿಡುಗಡೆಯಾದ ಹನ್ನೊಂದನೆಯ ದಿನ ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದರು. ಎರಡರಲ್ಲಿ ಇಳಿದವನು ನರಿಕೊಂಬಿನ ಅಶ್ರಫ್, ನಗಿಸುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹೆದ್ದಾರಿಯ ಹೊಂಡ ತಪ್ಪಿಸಲು ಹೋದ ಬೈಕು ಲಾರಿಯಡಿಗೆ ಹೋಯಿತು. ಮೂರರಲ್ಲಿ ಇಳಿದ ಮುದುಕ ಮುಂಡಪ್ಪನನ್ನು ಕಾಮಾಲೆ ಕೊಂಡೊಯ್ದಿತು. ಒಂದೊಂದು ಸಾವಿಗೂ ಒಂದೊಂದು ಕಾರಣವಿತ್ತು. ಆದ್ದರಿಂದ ಧರ್ಣಪ್ಪ ಅತ್ತನೇ ಹೊರತು ಹೆದರಲಿಲ್ಲ.

ಹೆದರಿಕೆ ಹತ್ತಿದ್ದು ಈ ವರ್ಷ, ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ. ವಿಸ್ಮಿತಾ ಎಂಬ ಹುಡುಗಿ ಮೊಬೈಲ್ ಹಿಡಿದು ಎದುರು ನಿಂತಳು.

"ಸರ್, 'ಆ ಬಸ್ಸಿನವರಿಗೆ ಏನಾಯ್ತು' ಅಂತ ವೀಡಿಯೊ ಮಾಡ್ತಾ ಇದ್ದೇನೆ. ಇಳಿದವರು ಮೂರು ಜನವೂ ಈಗ ಇಲ್ಲ. ನಾಲ್ಕನೇ ಭಾಗದಲ್ಲಿ ಇಳಿಯುವುದು ನೀವಂತೆ, ಹೌದಾ?"

"ಹೌದು," ಎಂದು ಧರ್ಣಪ್ಪ ನಕ್ಕ. ಆ ನಗು ಮನೆಯವರೆಗೆ ಬರಲಿಲ್ಲ.

ಹೆಂಡತಿ ಪ್ರಫುಲ್ಲಾ ಕೇಳಿ ಗದರಿದಳು. "ಆ ಸಿನಿಮಾ ನೋಡಿದವರೂ ಎಷ್ಟೋ ಜನ ಸತ್ತಿದ್ದಾರೆ. ಅವರ ವೀಡಿಯೊ ಯಾರು ಮಾಡಿದ್ದಾರೆ? ಹೆದರಿಕೆ ಆಗುವುದಾದರೆ ಶೋಧನಿಗೆ ಹೇಳಿ ಬಿಡಿ."

"ಏನಂತ ಹೇಳುವುದು? ದೆವ್ವದ ಬಸ್ಸಿನ ಕಂಡಕ್ಟರಿಗೆ ದೆವ್ವದ ಹೆದರಿಕೆ ಅಂತಲಾ?"

ಧರ್ಣಪ್ಪ ಬಾಯಿ ಮಾತಿನಲ್ಲಿ ಆಗಲೇ ಒಪ್ಪಿದ್ದ. ಅವನೊಬ್ಬನಿಗಾಗಿ ಶೋಧನ್ ಕತೆ ಬರೆದು ಎರಡು ವರ್ಷ ಕಾದಿದ್ದ. ಆದರೂ ಎದೆಯಲ್ಲಿ ಸಣ್ಣ ನೋವು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಬೆಳಗ್ಗೆ ಅಂಗಳದಲ್ಲಿ ಹಲ್ಲುಜ್ಜುವುದನ್ನು ಬಿಟ್ಟ. ಕನ್ನಡಿಯಲ್ಲಿ ಕಣ್ಣು ಹಳದಿಯಾಯಿತೇ ಎಂದು ರೆಪ್ಪೆ ಎಳೆದು ನೋಡುತ್ತಿದ್ದ.

ಒಂದು ಮಧ್ಯಾಹ್ನ ಪ್ರಫುಲ್ಲಾಳ ಮೊಬೈಲಿನಲ್ಲಿ ಮೂರೂ ಸಿನಿಮಾಗಳ ಕೊನೆಯನ್ನು ಒಂದರ ಹಿಂದೊಂದು ನೋಡಿದ. ಮಾಸ್ಟ್ರು ಮೆಟ್ಟಿಲಲ್ಲಿ ನಿಂತು "ಪೋಪೆ" ಎಂದರು. ಅಶ್ರಫ್ "ಪೋಪೆ" ಎಂದ. ಮುಂಡಪ್ಪನೂ "ಪೋಪೆ" ಎಂದ. ಪೋಪೆ ಎಂದರೆ ಹೋಗುತ್ತೇನೆ.

ಧರ್ಣಪ್ಪ ವೀಡಿಯೊ ನಿಲ್ಲಿಸಿದ. ಈ ಸೀಮೆಯಲ್ಲಿ ಹೊಸ್ತಿಲು ದಾಟುವವರು ಯಾರೂ ಹಾಗೆ ಹೇಳುವುದಿಲ್ಲ. ಪಕ್ಕದ ಅಂಗಡಿಗೆ ಹೋಗುವವರೂ "ಬರ್ಪೆ" ಎನ್ನುತ್ತಾರೆ, ಬರುತ್ತೇನೆ ಎಂದು. ಹೋಗುತ್ತೇನೆ ಎಂದರೆ ಹೋದಂತೆಯೇ. ನೋಡುವವರ ಮೈ ಜುಮ್ಮೆನ್ನಲಿ ಎಂದೇ ಶೋಧನ್ ಆ ಮಾತು ಬರೆದಿದ್ದ. ಮೊದಲ ದಿನ ಮಾಸ್ಟ್ರು ಹಿಂಜರಿದದ್ದು ಧರ್ಣಪ್ಪನಿಗೆ ಈಗ ನೆನಪಾಯಿತು. "ಹೀಗೆ ಯಾರೂ ಹೇಳುವುದಿಲ್ಲ ಮಾರಾಯ, ಬಾಯಿ ಬರುವುದಿಲ್ಲ."

"ಹೇಳಿ ಮಾಸ್ಟ್ರೇ, ಸಿನಿಮಾ ಅಲ್ವಾ?" ಎಂದಿದ್ದು ಯಾರು? ಧರ್ಣಪ್ಪನೇ. ಅವರು ಇಳಿದ ಕೂಡಲೇ ತಗಡಿಗೆ ಎರಡು ಸಲ ಬಡಿದು "ರೈಟ್, ಪೋಯಿ" ಎಂದಿದ್ದೂ ಅವನೇ. ಮೂವರಿಗೂ ಹಾಗೆಯೇ. ತನ್ನ ಸಾವಿನ ಹೆದರಿಕೆಯ ಕೆಳಗೆ ಇನ್ನೊಂದು ಹೆದರಿಕೆ ಇತ್ತು. ಅದನ್ನು ಅವನು ಪ್ರಫುಲ್ಲಾಳಿಗೂ ಹೇಳಲಿಲ್ಲ.

ಚಿತ್ರೀಕರಣ ನಡೆದದ್ದು ನರಿಕೊಂಬಿನ ಹೊಳೆಬದಿಯ ರಸ್ತೆಯಲ್ಲಿ, ಹಗಲಿನಲ್ಲೇ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಬಸ್ಸಿನೊಳಗೆ ರಾತ್ರಿ ಮಾಡಿದ್ದರು. ಬಾಗಿಲಾಚೆ ಯಂತ್ರದ ಹೊಗೆ, ಹೊಗೆಯಲ್ಲಿ ಒಂದು ಸ್ಟಾಪು. ಧರ್ಣಪ್ಪ ಕೆಳಗಿನ ಮೆಟ್ಟಿಲಿಗೆ ಬಂದು ಕಂಬಿ ಹಿಡಿದ. ಅಂಗೈ ಬೆವರಿ ಕಬ್ಬಿಣ ಜಾರುತ್ತಿತ್ತು.

"ಅಣ್ಣ, 'ಪೋಪೆ' ಅಂತ ಹೇಳಿ, ತಿರುಗಿ ನೋಡದೆ ಇಳಿಯಿರಿ," ಎಂದ ಶೋಧನ್.

"ಬರ್ಪೆ," ಎಂದ ಧರ್ಣಪ್ಪ.

"ಕಟ್! ಅಣ್ಣ, ಪೋಪೆ."

ಮತ್ತೆ ಕ್ಯಾಮೆರಾ ಓಡಿತು. ಧರ್ಣಪ್ಪ ತುಟಿ ಒದ್ದೆ ಮಾಡಿಕೊಂಡ. "ಬರ್ಪೆ."

ಶೋಧನ್ ಎದ್ದು ಬಂದ. "ಎಂಥದು ಅಣ್ಣ? ಸತ್ತವ ಬರ್ತೇನೆ ಅಂತ ಹೇಳ್ತಾನಾ?"

"ನನ್ನ ಬಾಯಲ್ಲಿ ಬರುವುದು ಅದೊಂದೇ. ಬೇಡವಾದರೆ ನನ್ನನ್ನು ಇಳಿಸಬೇಡ."

ಯಾರೋ ಕಿಸಕ್ಕನೆ ನಕ್ಕರು. ಆಗ ಲೈಟು ಹಿಡಿದು ನಿಂತಿದ್ದ ಹುಡುಗ ಇಮ್ತಿಯಾಝ್ ಮೆಲ್ಲಗೆ ಹೇಳಿದ. "ಶೋಧನಣ್ಣ, ಅದೇ ಇರಲಿ. ಇಳಿದವ ಬರ್ತೇನೆ ಅಂದರೆ ಇನ್ನೂ ಹೆದರಿಕೆ ಆಗ್ತದೆ."

ನಗು ನಿಂತಿತು. ಶೋಧನ್ ಧರ್ಣಪ್ಪನ ಮುಖ ನೋಡಿ ತಲೆಯಾಡಿಸಿದ. ಮೂರನೆಯ ಸಲ ಧರ್ಣಪ್ಪ "ಬರ್ಪೆ" ಎಂದು ಇಳಿದ. ಕಾಲಿಗೆ ಬಿಸಿ ಮಣ್ಣು ತಾಗಿತು. ಹೊಗೆ ಕರಗುವವರೆಗೆ ತನ್ನ ಉಸಿರನ್ನು ತಾನೇ ಕೇಳುತ್ತಾ ನಿಂತ.

ಸಂಜೆ ಸಾಮಾನು ಕಟ್ಟಿದ ಮೇಲೆ ಶೋಧನ್ ಕಾರು ಹತ್ತಿದ. ಮೂಡುಬಿದಿರೆಗೆ ಹೋಗುವ ಅವಸರ, ಕಿವಿಯಲ್ಲಿ ಫೋನು. ಗಾಜು ಇಳಿಸಿ, "ಆಯ್ತಣ್ಣ, ನಾನು ಹೋಗ್ತೇನೆ," ಎಂದ.

ಧರ್ಣಪ್ಪ ಕಿಟಕಿಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಹಿಡಿದ.

"ಹಾಗೆ ಹೇಳಬೇಡ. ಬರ್ತೇನೆ ಅಂತ ಹೇಳು."

"ಅಯ್ಯೋ ಅಣ್ಣ, ಶೂಟಿಂಗ್ ಮುಗೀತಲ್ಲ!"

ಧರ್ಣಪ್ಪ ಬಿಡಲಿಲ್ಲ. ಶೋಧನ್ ಫೋನನ್ನು ಕೆಳಗಿಟ್ಟ.

"ಬರ್ತೇನೆ, ಧರ್ಣಪ್ಪಣ್ಣ."

ಕೈ ಸಡಿಲವಾಯಿತು. ಧರ್ಣಪ್ಪ ಕಾರಿನ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿದ. ನಾಲಿಗೆಯ ತುದಿಗೆ ಬಂದ ಹಳೆಯ ಕೂಗನ್ನು ಹಲ್ಲು ಕಚ್ಚಿ ಒಳಗೇ ಹಿಡಿದುಕೊಂಡು, ತಿರುವಿನಲ್ಲಿ ಕಾರು ಮರೆಯಾಗುವವರೆಗೆ ನೋಡುತ್ತಾ ನಿಂತ.