ಅತ್ತೆ ನಂಬದ ಹಸಿರು ನೀರು

ನಾನು ಅಡುಗೆಗೆ ಉಪ್ಪು ಹಾಕಿದ್ದೇನೆಂದರೆ ನಮ್ಮತ್ತೆ ನಂಬುವವರಲ್ಲ. ತಾವೂ ಒಂದು ಚಿಟಿಕೆ ಹಾಕುವರು, ಆಮೇಲೆ ಊಟಕ್ಕೆ ಕೂತು ಉಪ್ಪಾಯಿತೆಂದು ನನ್ನನ್ನೇ ಬೈಯುವರು. ಇಂಥವರ ಜೊತೆ ಒಂದೇ ಮನೆ ಸಾಲದೆಂದು ಒಂದೇ ಕಡೆ ಕೆಲಸ ಬೇರೆ! ಮೀನುಮರಿ ಬೆಳೆಸುವ ಹ್ಯಾಚರಿಯಲ್ಲಿ ಅವರದು ತೊಟ್ಟಿ ಉಜ್ಜುವ ಕೆಲಸ, ನನ್ನದು ಮೇವು ಹಾಕುವುದು. ಅವರು ಉಜ್ಜಿದ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಆದರೂ ಮರಿಗಳು ಸಾಯುತ್ತಿದ್ದವು.

ಸಾಹುಕಾರರು ಮೀನಿನ ಡಾಕ್ಟರಮ್ಮನನ್ನು ಕರೆಸಿದರು. ನೀರಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸೇರಿದೆಯೆಂದು ಆಕೆ ಬಾಟಲಿಗಳಲ್ಲಿ ಬೆಳೆಸಿದ ಸೂಕ್ಷ್ಮ ಪಾಚಿಯನ್ನು ತೊಟ್ಟಿಗಳಿಗೆ ಸುರಿಸಿದರು. ಅದಿದ್ದರೆ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲವಂತೆ. ನೀರು ಹಸಿರಾಯಿತು. ಅತ್ತೆಯ ಮುಖ ಕಪ್ಪಿಟ್ಟಿತು.

"ಪಾಚಿ ಉಜ್ಜಿ ಉಜ್ಜಿ ನನ್ನ ಉಗುರು ಸವೀತು. ಇವ್ಳು ಅದನ್ನೇ ತಂದು ಸುರೀತಾಳೆ! ಏನೋ ಮಸಲತ್ತಿದೆ ಕಣೆ. ನನ್ನ ಕೆಲಸ ಬಿಡ್ಸಿ ಮನೆಗೆ ಕಳ್ಸೋಕೇ ಇದೆಲ್ಲ."

"ಮರಿ ಬದುಕ್ತಿವೆಯಲ್ಲ ಅತ್ತೆ?"

"ಓಹೋ, ನೀನೂ ಅವರ ಕಡೆ ಸೇರ್ಕೊಂಡ್ಯಾ?"

ಅಂದಿನಿಂದ ನನ್ನನ್ನೂ ಓರೆಗಣ್ಣಿನಿಂದಲೇ ನೋಡತೊಡಗಿದರು. ನನಗೋ, ಇವರು ಸುಮ್ಮನಿರುವ ಪೈಕಿಯಲ್ಲವೆಂಬ ಅಳುಕು.

ರಜೆಯ ದಿನ ಬೆಳಿಗ್ಗೆ ನಾನೊಬ್ಬಳೇ ಹೋಗಿ ಮೇವು ಹಾಕಿ, ಬೀಗ ಹಾಕಿಕೊಂಡು ಮನೆಗೆ ಬಂದೆ. ಮರುದಿನ ನೋಡಿದರೆ ಮೂಲೆಯ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಹಸಿರು ನೀರನ್ನು ಯಾರೋ ಬಸಿದು ಹೊಸ ನೀರು ತುಂಬಿಸಿದ್ದರು. ಎಳೆಯ ಮರಿಗಳು, ತಡೆಯಲಿಲ್ಲ. ಎಲ್ಲವೂ ಸತ್ತು ತೇಲುತ್ತಿದ್ದವು. ಉಳಿದ ಹಸಿರು ತೊಟ್ಟಿಗಳಲ್ಲಿ ಮರಿಗಳು ಚುರುಕಾಗಿ ಓಡಾಡುತ್ತಿದ್ದವು.

"ಬೀಗದ ಕೈ ನಿನ್ನ ಹತ್ರ ಇತ್ತು. ಇನ್ಮೇಲೆ ಕೆಲಸಕ್ಕೆ ಬರ್ಬೇಡ," ಎಂದರು ಸಾಹುಕಾರರು.

ಯಾರ ಕೆಲಸವೆಂದು ನನಗೆ ಗೊತ್ತಾಯಿತು. ಹೇಳುವುದು ಹೇಗೆ? ಸೊಸೆ ಅತ್ತೆಯ ತಲೆಗೆ ಕಟ್ಟುತ್ತಿದ್ದಾಳೆ ಎನ್ನುವುದಿಲ್ಲವೇ ಜನ? ಸಿಟ್ಟಿನಿಂದ ಅತ್ತೆಯ ಕಡೆ ತಿರುಗಿದೆ.

ಆಗ ಅತ್ತೆ ಮುಂದೆ ಬಂದರು. "ಬೀಗದ ಕೈ ನೇತಾಕೋದು ನಮ್ಮನೆ ಗೋಡೇಲಿ. ಆ ಮನೇಲಿ ನಾನೂ ಇದೀನಲ್ವಾ? ಅನುಮಾನ ಪಡೋದಾದ್ರೆ ನೆಟ್ಟಗೆ ಪಡ್ರೀ! ನೀರು ಬಸಿದಿದ್ದು ನಾನು. ಒಂದು ತೊಟ್ಟಿ ಮರಿನಾದ್ರೂ ಉಳಿಸೋಣ ಅಂದ್ಕೊಂಡೆ. ಕೈಯಾರೆ ಕೊಂದೆ."

ಸಾಹುಕಾರರು ಬಾಯಿ ತೆರೆಯುವ ಮೊದಲೇ ಅವರು ಚಪ್ಪಲಿ ಮೆಟ್ಟಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು.

"ನಿಲ್ಲಿ ಅತ್ತೆ, ನಾನೂ ಬರ್ತೀನಿ."

"ಸುಮ್ನಿರೇ. ಆ ಹಸಿರು ನೀರು ನೋಡ್ಕೊಳ್ಳೋಕೆ ನಿನ್ನ ಬಿಟ್ರೆ ಇನ್ಯಾರ್ನ ನಂಬ್ಲಿ ನಾನು?"