ದ್ವೀಪಕ್ಕೆ ಹೊತ್ತ ಸಾಮಾನು

ಅಡುಗೆಮನೆ ಖಾಲಿ ಮಾಡುತ್ತ ಇವತ್ತು ಕಿತ್ತಳೆ ಶರಬತ್ತಿನ ಪುಡಿಯ ಡಬ್ಬಿ ತೆಗೆದೆ. ಪುಡಿ ಕಲ್ಲಾಗಿದೆ, ವಾಸನೆ ಮಾತ್ರ ಹಾಗೇ ಇದೆ. ನಿಮ್ಮ ನೆಂಟರಲ್ಲಿ ಯಾರಾದರೂ ಗಲ್ಫಿನಲ್ಲಿದ್ದರೆ ಈ ವಾಸನೆ ನಿಮಗೂ ಗೊತ್ತಿರುತ್ತದೆ. ಅವರು ಊರಿಗೆ ಬಂದು ಪೆಟ್ಟಿಗೆ ತೆರೆದಾಗ ಸಾಬೂನು, ಅತ್ತರು, ಹಾಲಿನ ಪುಡಿ ಎಲ್ಲ ಬೆರೆತು ಮನೆ ತುಂಬ ಹರಡುತ್ತಿತ್ತಲ್ಲ, ಅದರೊಳಗಿನ ಸಿಹಿ ಇದೇ. ಆದರೆ ಈ ಡಬ್ಬಿ ಊರು ಕಂಡಿಲ್ಲ. ದ್ವೀಪ ನೋಡಿ ಬಂದಿದೆ.

ನಮ್ಮ ಯಜಮಾನರು ಅಬುಧಾಬಿಯಲ್ಲಿ ಎಂಜಿನಿಯರ್ ಆಗಿದ್ದರು. ಮದುವೆಯಾದ ವರ್ಷವೇ ನಾನು ಹುಬ್ಬಳ್ಳಿ ಬಿಟ್ಟು ಇಲ್ಲಿಗೆ ಬಂದೆ. ನಮಗೆ ಮಕ್ಕಳಾಗಲಿಲ್ಲ. ಮೈದುನನ ಮಕ್ಕಳೇ ನಮ್ಮ ಮಕ್ಕಳು ಎಂದುಕೊಂಡೆ. ಅವರನ್ನೊಂದು ಮಾತು ಕೇಳಿರಲಿಲ್ಲ, ಅಷ್ಟೆ. ರಜೆ ಎಂದರೆ ಹುಬ್ಬಳ್ಳಿಯೇ. ಹೊರಡುವ ಮುಂಚೆ ದುಬೈಗೆ ಹೋಗಿ ನೈಫ್‌ನ ಬಜಾರಿನ ಅಂಗಡಿಗಳನ್ನೆಲ್ಲ ಸುತ್ತುವುದು, ಪೆಟ್ಟಿಗೆಯನ್ನು ತೂಗುವುದು, ತೂಕ ಹೆಚ್ಚಾದರೆ ಇವರ ಶರ್ಟು ತೆಗೆದು ಬಾದಾಮಿ ಪೊಟ್ಟಣ ಉಳಿಸಿಕೊಳ್ಳುವುದು. ಊರಲ್ಲಿ ಇವರು ತಮ್ಮನ ಲುಂಗಿಯಲ್ಲೇ ರಜೆ ಕಳೆಯುತ್ತಿದ್ದರು. ತಮ್ಮನ ಮನೆಯ ಮೇಲೆ ಮಾಳಿಗೆ ಕಟ್ಟಿಸಿದವರೂ ಇವರೇ. ಅದು ನಮ್ಮದೇ ಎಂಬ ಧೈರ್ಯದಲ್ಲಿ ಬೇರೆ ಮನೆ ಕಟ್ಟಲಿಲ್ಲ.

ಮಕ್ಕಳು ಬೆಳೆದರು. "ದೊಡ್ಡವ್ವಾ, ಈಗ ಎಲ್ಲಾ ಇಲ್ಲೇ ಸಿಗ್ತಾವ. ಏನೂ ತರಬ್ಯಾಡ್ರಿ" ಎಂದರು. ನಾನದನ್ನು ಸಂಕೋಚ ಎಂದುಕೊಂಡು ಇನ್ನೂ ಹೆಚ್ಚು ಒಯ್ದೆ. ಹೋದ ವರ್ಷ ಹಿರಿಯ ಹುಡುಗನ ಮದುವೆಯಾಗಿ, ಮಾಳಿಗೆಯಲ್ಲಿ ಹೊಸ ಜೋಡಿಯ ಸಂಸಾರ ಶುರುವಾಯಿತು. ಮೈದುನ ಫೋನ್ ಮಾಡಿದ. "ವೈನಿ, ಈ ಸಲ ಬಂದ್ರ ಲಾಜಿನ್ಯಾಗ ಉಳೀರಿ. ಚಲೋ ಲಾಜ್ ಆಗ್ಯಾವ, ಏಸಿ ಅದ. ಅಣ್ಣಗೂ ಆರಾಮ ಆಗ್ತದ."

ಅವನು ಕೆಟ್ಟವನಲ್ಲ. ನಮ್ಮ ಆರಾಮವನ್ನೇ ನೆನೆದು ಆಡಿದ ಮಾತು, ಅದಕ್ಕೇ ಜಗಳವಾಡಲೂ ಬರಲಿಲ್ಲ. ಇವರು ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, "ಊರು ಬ್ಯಾಡ. ಮಾಲ್ಡೀವ್ಸಿಗೆ ಹೋಗೂಣು" ಎಂದರು.

ಟ್ರಾವೆಲ್ಸಿನ ಹುಡುಗಿ ಅಲ್ಲಿ ಏನೇನು ಮಾಡಬಹುದೆಂದು ಬರೆದು ಕಳಿಸಿದ್ದಳು. ಕನ್ನಡಕ ಹಾಕಿಕೊಂಡು ನೀರೊಳಗಿನ ಮೀನು ನೋಡುವುದು, ಗಾಜಿನ ತಳದ ದೋಣಿ, ನಡುಸಮುದ್ರದ ಮರಳದಿಬ್ಬದಲ್ಲಿ ಊಟ, ಸಂಜೆ ಗಾಳ ಹಾಕುವುದು. ಕೊನೆಗೆ, ಏನೂ ಮಾಡದೆ ಸುಮ್ಮನೆ ಕೂರುವುದು. "ಇದೊಂದು ನಮಗ ಬರ್ತದ" ಎಂದು ಇವರು ನಕ್ಕರು. ಅದೂ ಬರುತ್ತಿರಲಿಲ್ಲ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಸಮುದ್ರದ ಮೇಲೇ ಕೋಣೆ. ಸುತ್ತ ನೀಲಿ ನೀರು, ಒಂದು ಸದ್ದಿಲ್ಲ. ಬಟ್ಟೆ ಬೇಕೆಂದು ಇವರು ಪೆಟ್ಟಿಗೆ ತೆರೆದರು. ಮೇಲೆಯೇ ಶರಬತ್ತಿನ ಡಬ್ಬಿ, ಕೆಳಗೆ ಸಾಬೂನು, ಬಾದಾಮಿ, ತಲೆನೋವಿನ ತೈಲ, ಚಾಕೊಲೇಟು, ಮತ್ತೆ ಸಾಬೂನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟಿನಿಂದ ಬಂದದ್ದಲ್ಲ, ಗಲ್ಫು ಕಲಿಸಿದ್ದು, ಆದರೂ ಹೋಗಿರಲಿಲ್ಲ. ಪೆಟ್ಟಿಗೆ ಕಂಡೊಡನೆ ಕೈ ತಾನೇ ತುಂಬಿಬಿಟ್ಟಿತ್ತು.

"ಇದೆಲ್ಲಾ ಯಾರಿಗೆ ತಂದಿ?"

"ಗೊತ್ತಿಲ್ರೀ" ಎಂದೆ. ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ.

ಅಲ್ಲಿದ್ದಷ್ಟು ದಿನ ನಾವು ಮೀನು ನೋಡಲಿಲ್ಲ, ದೋಣಿ ಹತ್ತಲಿಲ್ಲ. ಬಯಲುಸೀಮೆಯವರಿಗೆ ನೀರೆಂದರೆ ಅಂಜಿಕೆ ಎಂದು ಹೇಳಿಕೊಂಡೆವು. ನಿಜವೇನೆಂದರೆ ನಮಗೆ ಮಾತೇ ಇರಲಿಲ್ಲ. ಇಷ್ಟು ವರ್ಷ ನಾವು ಆಡಿದ್ದೆಲ್ಲ ಊರಿನವರ ಮಾತು: ಯಾರ ಪರೀಕ್ಷೆ, ಯಾರ ಸೀಮಂತ, ಯಾರಿಗೆ ಯಾವ ಬಣ್ಣದ ಸೀರೆ. ಅದನ್ನು ತೆಗೆದಿಟ್ಟರೆ ಇಬ್ಬರು ಮುದುಕರು, ಎರಡು ಕುರ್ಚಿ. ಒಂದು ಮಧ್ಯಾಹ್ನ ಇವರು ನೀರು ನೋಡುತ್ತಲೇ ಕೇಳಿದರು: "ನೌಕರಿ ಮುಗಿದ್ರ ವೀಸಾನೂ ಖಲಾಸ್. ಎಲ್ಲಿ ಹೋಗೂದು?" ದ್ವೀಪದಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಅದನ್ನು ಯೋಚಿಸುವುದೊಂದೇ ನಮ್ಮ ಪಾಲಿಗೆ ಉಳಿದಿತ್ತು. ಸಾಮಾನನ್ನೆಲ್ಲ ಹಾಗೇ ವಾಪಸು ಹೊತ್ತು ತಂದೆವು.

ಈಗ ನೌಕರಿ ಮುಗಿದಿದೆ. ಈ ತಿಂಗಳ ಕೊನೆಗೆ ಫ್ಲ್ಯಾಟ್ ಬಿಡಬೇಕು. ಡಬ್ಬಿ ಕೈಯಲ್ಲಿರುವಾಗಲೇ ಕಾರ್ಗೋದವನ ಫೋನ್ ಬಂತು, ಮಂಗಳೂರಿನ ಕಡೆಯ ಹುಡುಗ.

"ಮೇಡಂ, ಸಾಮಾನು ಎಲ್ಲಿಗೆ ಕಳಿಸ್ಬೇಕು?"

"ಹುಬ್ಬಳ್ಳಿ" ಎಂದಿತು ಬಾಯಿ.

"ಯಾರ ಮನೆಗೆ?"

ಫೋನ್ ಮುಚ್ಚಿ ಹಿಡಿದು ಇವರತ್ತ ನೋಡಿದೆ. ಇವರು ನೆಲದ ಮೇಲೆ ಕೂತು ಶರ್ಟು ಮಡಚುತ್ತಿದ್ದರು. "ಬ್ಯಾಡ ಅಂತ ಹೇಳು" ಎಂದರು. "ಎಲ್ಲಾ ಇಲ್ಲೇ ಯಾರಿಗರ ಕೊಟ್ಟುಬಿಡೂಣು."

ಸಾಮಾನನ್ನು ಯಾರಾದರೂ ತೆಗೆದುಕೊಂಡಾರು, ನಮ್ಮನ್ನು ತೆಗೆದುಕೊಳ್ಳುವವರು ಯಾರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಮಡಚಿದ ಶರ್ಟನ್ನೇ ಮುಖಕ್ಕೆ ಒತ್ತಿಕೊಂಡು ಇವರು ಅಳುತ್ತಿದ್ದರು.